ಮ್ಯಾಂಚೆಸ್ಟರ್ ಫ್ರೇಸ್‌ಬ್ಯಾಂಕ್: ಇಂಗ್ಲಿಷ್‌ನಲ್ಲಿ ಥೀಸಿಸ್ ಬರೆಯುವ ಕನ್ನಡಿಗರಿಗೆ ಎಷ್ಟು ದಕ್ಕುತ್ತದೆ?

ಸಂಶೋಧನಾ ಬರಹದಲ್ಲಿ ಮತ್ತೆ ಮತ್ತೆ ಬರುವ ಇಂಗ್ಲಿಷ್ ವಾಕ್ಯಗಳ ಚೌಕಟ್ಟುಗಳನ್ನು ಒಂದೆಡೆ ಪೇರಿಸಿಟ್ಟ ವೆಬ್‌ಸೈಟು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಕಾಡೆಮಿಕ್ ಫ್ರೇಸ್‌ಬ್ಯಾಂಕ್. ಲಾಗಿನ್ ಬೇಡ, ದುಡ್ಡು ಬೇಡ. ಕಟ್ಟಿದವರು ಅಲ್ಲಿನ ಜಾನ್ ಮಾರ್ಲಿ. ಮೊದಲ ಸರಕು ಬಂದದ್ದು ಅದೇ ವಿಶ್ವವಿದ್ಯಾಲಯದ 100 ಸ್ನಾತಕೋತ್ತರ ಪ್ರಬಂಧಗಳಿಂದ; ಆಮೇಲೆ ಬೇರೆ ಬೇರೆ ವಿಷಯಗಳ ಲೇಖನಗಳಿಂದಲೂ ಸೇರಿಸುತ್ತ ಬಂದಿದ್ದಾರೆ. ಪಿಯುಸಿವರೆಗೋ ಡಿಗ್ರಿವರೆಗೋ ಕನ್ನಡ ಮಾಧ್ಯಮದಲ್ಲಿ ಓದಿ, ಥೀಸಿಸ್ಸನ್ನು ಮಾತ್ರ ಇಂಗ್ಲಿಷ್‌ನಲ್ಲಿ ಬರೆಯಬೇಕಾಗಿ ಬಂದವರಿಗೆ ಇದು ಎಷ್ಟು ದಕ್ಕುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದಷ್ಟೇ ಇಲ್ಲಿನ ವಿಚಾರ.

ತೀರ್ಪು ಮೊದಲೇ ಹೇಳಿಬಿಡುವುದಾದರೆ, ಏನು ಹೇಳಬೇಕೆಂದು ಗೊತ್ತಾದ ಮೇಲೆ ತೆರೆದರೆ ಇಷ್ಟು ಉಪಯೋಗಕ್ಕೆ ಬರುವ ಉಚಿತ ಸಾಧನ ಇನ್ನೊಂದು ಸಿಗುವುದು ಕಷ್ಟ. ಗೊತ್ತಾಗುವ ಮೊದಲೇ ತೆರೆದರೆ, ಚೆಂದದ ಇಂಗ್ಲಿಷ್‌ನಲ್ಲಿ ಖಾಲಿ ಪುಟಗಳು ತಯಾರಾಗುತ್ತವೆ. ಎರಡೂ ಬಗೆಯ ಬಳಕೆಗೆ ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಸಾಕ್ಷಿ ಉಂಟು.

ಒಳಗೆ ಏನಿದೆ

ಮುಖ್ಯ ಪುಟದಲ್ಲಿ ಥೀಸಿಸ್ಸಿನ ಭಾಗಗಳಿಗೆ ಹೊಂದುವ ಆರು ವಿಭಾಗಗಳಿವೆ: ಕೆಲಸವನ್ನು ಪರಿಚಯಿಸುವುದು, ಹಿಂದಿನವರ ಬರಹವನ್ನು ಉಲ್ಲೇಖಿಸುವುದು, ವಿಧಾನ ವಿವರಿಸುವುದು, ಫಲಿತಾಂಶ ಕೊಡುವುದು, ಫಲಿತಾಂಶ ಚರ್ಚಿಸುವುದು, ಸಮಾರೋಪ. ಇವುಗಳ ಜೊತೆಗೆ ಎಲ್ಲ ಚಾಪ್ಟರಿಗೂ ಬೇಕಾಗುವ ಸಾಮಾನ್ಯ ವಿಭಾಗಗಳು: ಎಚ್ಚರದಿಂದ ಹೇಳುವುದು, ವಿಮರ್ಶಿಸುವುದು, ಹೋಲಿಸುವುದು, ವ್ಯಾಖ್ಯಾನ ಕೊಡುವುದು, ಏರಿಳಿತ ವಿವರಿಸುವುದು, ಕಾರಣ ಹೇಳುವುದು, ಹಿಂದಿನ ಕಾಲದ ಬಗ್ಗೆ ಬರೆಯುವುದು ಇತ್ಯಾದಿ. ಪ್ರತಿ ವಿಭಾಗದೊಳಗೂ ಸಣ್ಣ ಸಣ್ಣ ಶೀರ್ಷಿಕೆಗಳು, ಅವುಗಳ ಕೆಳಗೆ ಹತ್ತಿಪ್ಪತ್ತು ಚೌಕಟ್ಟುಗಳು. ನಿಮ್ಮ ವಿಷಯ ಬರಬೇಕಾದ ಜಾಗದಲ್ಲಿ ಎಕ್ಸ್, ವೈ ಅಂತ ಹಾಕಿರುತ್ತಾರೆ.

ಈ ವಿಂಗಡಣೆಯ ಬೇರು ಜಾನ್ ಸ್ವೇಲ್ಸ್ ಎಂಬ ಭಾಷಾ ವಿದ್ವಾಂಸರು 1980ರ ದಶಕದಲ್ಲಿ ಶುರುಮಾಡಿದ ವಿಶ್ಲೇಷಣೆಯಲ್ಲಿದೆ. ಅವರು ಲೇಖನಗಳ ಪೀಠಿಕೆಯನ್ನು ವಾಕ್ಯರಚನೆಯಿಂದ ನೋಡದೆ, ಆ ವಾಕ್ಯ ಮಾಡುವ ಕೆಲಸದಿಂದ ನೋಡಿದರು. ಪೀಠಿಕೆಯಲ್ಲಿ ಮೂರು ನಡೆ: ಕ್ಷೇತ್ರ ಇಂಥದ್ದು, ಇದು ಮುಖ್ಯ ಅನ್ನುವುದು, ಅದರಲ್ಲಿ ಒಂದು ಜಾಗ ಖಾಲಿ ಇದೆ ಎಂದು ತೋರಿಸುವುದು, ಆ ಜಾಗದಲ್ಲಿ ತಾವು ಕೂರುವುದು. ನಮ್ಮ ಬಹುತೇಕ ಸಿನಾಪ್ಸಿಸ್‌ಗಳು ಮೊದಲನೆಯ ನಡೆಯಲ್ಲೇ ಮೂರು ಪುಟ ಕಳೆಯುತ್ತವೆ. 'ಪ್ರಾಚೀನ ಕಾಲದಿಂದಲೂ' ಎಂಬ ಕನ್ನಡ ಪ್ರಬಂಧದ ಆರಂಭ 'ಸಿನ್ಸ್ ಟೈಮ್ ಇಮ್ಮೆಮೋರಿಯಲ್' ಆಗಿ ಬಂದು ಕೂರುತ್ತದೆ, ಎರಡನೆಯ ನಡೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ಫ್ರೇಸ್‌ಬ್ಯಾಂಕಿನ ಪೀಠಿಕೆ ವಿಭಾಗದ ಬರೀ ಉಪಶೀರ್ಷಿಕೆಗಳನ್ನು ಓದಿದರೂ ಈ ಅಸಮತೋಲ ಕಣ್ಣಿಗೆ ಬೀಳುತ್ತದೆ. ಅಲ್ಲಿ ವಿಷಯದ ಮಹತ್ವ ಹೇಳುವುದಕ್ಕೆ ಎಷ್ಟು ಜಾಗವೋ, ವಿವಾದ ಗುರುತಿಸುವುದು, ಹಿಂದಿನ ಅಧ್ಯಯನಗಳ ಕೊರತೆ ಹೇಳುವುದು, ಅಧ್ಯಯನಗಳೇ ಇಲ್ಲ ಎನ್ನುವುದು, ಇವೆಲ್ಲಕ್ಕೂ ಬೇರೆ ಬೇರೆಯಾಗಿ ಅಷ್ಟೇ ಜಾಗ. ಒಂದು ವಾಕ್ಯವನ್ನೂ ನಕಲು ಮಾಡದೆ, ಶೀರ್ಷಿಕೆಗಳನ್ನಷ್ಟೇ ಹಾಳೆಯ ಮೇಲೆ ಬರೆದುಕೊಂಡು ನಿಮ್ಮ ಪೀಠಿಕೆಯ ಎದುರಿಗಿಟ್ಟು ನೋಡುವುದೇ ಈ ಸೈಟಿನ ಅತ್ಯುತ್ತಮ ಬಳಕೆ.

'ಕೆಲವು' ಮತ್ತು 'ಕೆಲವೇ'

ಖಾಲಿ ಜಾಗ ತೋರಿಸುವ ವಾಕ್ಯಗಳಲ್ಲಿ ಕನ್ನಡಿಗರು ಜಾರಿ ಬೀಳುವ ಒಂದು ಹಳ್ಳವಿದೆ, ಸೈಟು ಅದನ್ನು ಎಲ್ಲೂ ಎಚ್ಚರಿಸುವುದಿಲ್ಲ. 'ಫ್ಯೂ ಸ್ಟಡೀಸ್ ಹ್ಯಾವ್ ಎಗ್ಸಾಮಿನ್ಡ್ ಎಕ್ಸ್' ಎಂದರೆ ಎಕ್ಸ್ ಬಗ್ಗೆ ಅಷ್ಟಾಗಿ ಕೆಲಸ ನಡೆದಿಲ್ಲ ಎಂದರ್ಥ. ಮುಂದೆ ಒಂದು 'ಎ' ಸೇರಿಸಿ 'ಎ ಫ್ಯೂ ಸ್ಟಡೀಸ್' ಅಂದುಬಿಟ್ಟರೆ, ಒಂದಷ್ಟು ಕೆಲಸ ನಡೆದಿದೆ ಎಂದಾಗುತ್ತದೆ. ಖಾಲಿ ಜಾಗ ಅಲ್ಲೇ ತುಂಬಿಹೋಯಿತು! ಕನ್ನಡದಲ್ಲಿ ಈ ವ್ಯತ್ಯಾಸ ಇಲ್ಲ ಅಂತಲ್ಲ. ಪದದ ಮುಂದೆ ಬರುವ ಬದಲು ಬಾಲದಲ್ಲಿ ಬರುತ್ತದೆ. 'ಕೆಲವು ಅಧ್ಯಯನಗಳು ನಡೆದಿವೆ' ಬೇರೆ, 'ಕೆಲವೇ ಅಧ್ಯಯನಗಳು ನಡೆದಿವೆ' ಬೇರೆ. ಆ ಏಕಾರ ನಿಮ್ಮ ಮನಸ್ಸಿನಲ್ಲಿದ್ದರೆ ಇಂಗ್ಲಿಷ್‌ನಲ್ಲಿ 'ಎ' ಬಿಡಬೇಕು. 'ಲಿಟಲ್ ಈಸ್ ನೋನ್ ಅಬೌಟ್' ಕೂಡ ಹೀಗೆಯೇ. 'ಸ್ವಲ್ಪ' ಅಲ್ಲ ಅದು, 'ಗೊತ್ತಿರುವುದು ಸ್ವಲ್ಪವೇ'.

ಇದೇ ಪುಟದಲ್ಲಿ 'ನೋ ಪ್ರೀವಿಯಸ್ ಸ್ಟಡಿ ಹ್ಯಾಸ್' ಎಂಬ ಜಾತಿಯ ವಾಕ್ಯಗಳೂ ಸಿಗುತ್ತವೆ. ಓದಲು ಖಡಕ್ಕಾಗಿರುವುದರಿಂದ ಎಲ್ಲರೂ ಇದನ್ನೇ ಎತ್ತಿಕೊಳ್ಳುತ್ತಾರೆ. ಇದನ್ನು ಬರೆಯುವ ಮೊದಲು ಕನಿಷ್ಠ ಮೂರು ಕಡೆ ಹುಡುಕಿರಬೇಕು: ಗೂಗಲ್ ಸ್ಕಾಲರ್, ನಿಮ್ಮ ವಿಷಯದ ಒಂದು ಡೇಟಾಬೇಸ್, ಮತ್ತು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ಭಾರತದ ಥೀಸಿಸ್‌ಗಳ ಆನ್‌ಲೈನ್ ಭಂಡಾರ ಶೋಧಗಂಗಾ. ಶೋಧಗಂಗಾದಲ್ಲೇ ಪಕ್ಕದ ವಿಶ್ವವಿದ್ಯಾಲಯದ ಥೀಸಿಸ್ ಅದೇ ಶೀರ್ಷಿಕೆಯಲ್ಲಿ ಕೂತಿದ್ದರೆ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಉತ್ತರ ಹೇಳುವುದು ಕಷ್ಟ. ಅಷ್ಟು ಖಾತ್ರಿ ಇಲ್ಲದಿದ್ದರೆ ಜಾಗವನ್ನು ಕಿರಿದು ಮಾಡಿ ಬರೆಯಿರಿ: ಅಧ್ಯಯನಗಳು ಇವೆ, ಆದರೆ ಮಳೆಯಾಶ್ರಿತ ಜಮೀನಿನ ಬಗ್ಗೆ ಇಲ್ಲ, ಅಥವಾ ಇವೆ, ಆದರೆ ಮಹಿಳಾ ಕಾರ್ಮಿಕರನ್ನು ಪ್ರತ್ಯೇಕವಾಗಿ ನೋಡಿಲ್ಲ. 'ಪ್ರೀವಿಯಸ್ ಸ್ಟಡೀಸ್ ಹ್ಯಾವ್ ನಾಟ್ ಡೆಲ್ಟ್ ವಿತ್' ಮಾದರಿಯ ಚೌಕಟ್ಟು ಇದಕ್ಕೆ ಸರಿಹೋಗುತ್ತದೆ.

ಸಂಗ್ರಹಿಸಲಾಗಿದೆ, ಸಂಗ್ರಹಿಸಲಾಯಿತು

ವಿಧಾನದ ಚಾಪ್ಟರಿಗೆ ಫ್ರೇಸ್‌ಬ್ಯಾಂಕ್ ಹೇಳಿ ಮಾಡಿಸಿದ ಹಾಗಿದೆ. ಈ ಚಾಪ್ಟರಿನ ಭಾಷೆ ಎಲ್ಲ ವಿಷಯದಲ್ಲೂ ಹೆಚ್ಚುಕಡಿಮೆ ಒಂದೇ, ಸ್ವಂತ ಶೈಲಿ ಯಾರೂ ಕೇಳುವುದಿಲ್ಲ. 'ಡೇಟಾ ವರ್ ಕಲೆಕ್ಟೆಡ್ ಯೂಸಿಂಗ್', 'ದಿ ಸ್ಯಾಂಪಲ್ಸ್ ವರ್ ಅನಲೈಸ್ಡ್ ಫಾರ್' ಇವನ್ನು ಹಾಗೆಯೇ ಇಳಿಸಿಕೊಂಡು ನಿಮ್ಮ ವಿವರ ತುಂಬಿದರೆ ಮುಗಿಯಿತು.

ತಪ್ಪು ನುಗ್ಗುವುದು ಕಾಲದಲ್ಲಿ. ಕನ್ನಡದ ಸಂಶೋಧನಾ ಬರಹದಲ್ಲಿ '2021ರಲ್ಲಿ ಮಾದರಿಗಳನ್ನು ಸಂಗ್ರಹಿಸಲಾಗಿದೆ' ಅನ್ನುವುದು ಪೂರಾ ಸರಿಯಾದ ವಾಕ್ಯ. ಅದನ್ನೇ ತಿರುಗಿಸಿ 'ದಿ ಸ್ಯಾಂಪಲ್ಸ್ ಹ್ಯಾವ್ ಬೀನ್ ಕಲೆಕ್ಟೆಡ್ ಇನ್ 2021' ಅಂದರೆ ಇಂಗ್ಲಿಷ್‌ನಲ್ಲಿ ತಪ್ಪು. ಕೆಲಸ ಮುಗಿದ ಇಸವಿಯೋ ತಿಂಗಳೋ ಹೀಗೆ 'ಇನ್' ಜೊತೆ ಬಂದ ವಾಕ್ಯದಲ್ಲಿ 'ಹ್ಯಾವ್ ಬೀನ್' ಕೂರುವುದಿಲ್ಲ, 'ವರ್' ಬೇಕು. ಕನ್ನಡದ 'ಲಾಗಿದೆ'ಯನ್ನು ಮನಸ್ಸಿನಲ್ಲೇ 'ಲಾಯಿತು' ಮಾಡಿಕೊಂಡು ನಂತರ ಇಂಗ್ಲಿಷ್‌ಗೆ ತಂದರೆ ಈ ತಪ್ಪು ಆಗುವುದಿಲ್ಲ. ಹಿಂದಿನ ಕಾಲದ ಬಗ್ಗೆ ಬರೆಯುವ ಸಾಮಾನ್ಯ ವಿಭಾಗದಲ್ಲಿ ಯಾವ ಕಾಲಸೂಚಕ ಪದದ ಜೊತೆ ಯಾವ ಕ್ರಿಯಾರೂಪ ಅನ್ನುವುದನ್ನು ಜೋಡಿಸಿ ಕೊಟ್ಟಿದ್ದಾರೆ. ಇಡೀ ಸೈಟಿನಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಬೇಕಾದ ಪುಟ ಅದೊಂದೇ.

ಉಲ್ಲೇಖದಲ್ಲೂ ಇದೇ ಲೆಕ್ಕ. ಒಂದು ಕ್ಷೇತ್ರದ ಒಟ್ಟು ಕೆಲಸದ ಬಗ್ಗೆ ಹೇಳುವಾಗ 'ಹ್ಯಾಸ್ ಬೀನ್', 'ಹ್ಯಾವ್ ಶೋನ್'. ಒಂದು ನಿರ್ದಿಷ್ಟ ಅಧ್ಯಯನ ಏನು ಮಾಡಿತು ಎನ್ನುವಾಗ ಭೂತಕಾಲ. ಒಬ್ಬ ಲೇಖಕರ ವಾದ ಏನು ಎನ್ನುವಾಗ ವರ್ತಮಾನ. ಫ್ರೇಸ್‌ಬ್ಯಾಂಕಿನ ಉಪಶೀರ್ಷಿಕೆಗಳು ಈ ಲೆಕ್ಕದ ಮೇಲೇ ವಾಕ್ಯಗಳನ್ನು ಬೇರ್ಪಡಿಸಿವೆ. ಹಾಗಾಗಿ ಒಂದು ಗುಂಪಿನ ವಾಕ್ಯವನ್ನು ಇನ್ನೊಂದು ಗುಂಪಿನ ಕೆಲಸಕ್ಕೆ ಎತ್ತಿಕೊಂಡು ಹೋಗಬಾರದು.

ಹೇಳಿದ್ದಾರೆ, ಹೇಳಿಕೊಂಡಿದ್ದಾರೆ

ಸಾಹಿತ್ಯ ಸಮೀಕ್ಷೆಯ ಚಾಪ್ಟರಿನಲ್ಲಿ ನಮ್ಮವರ ಇಂಗ್ಲಿಷ್ ಎರಡೇ ಕ್ರಿಯಾಪದದ ಮೇಲೆ ನಿಂತಿರುತ್ತದೆ: 'ಸ್ಟೇಟೆಡ್' ಮತ್ತು 'ಒಪೈನ್ಡ್'. ಎರಡನೆಯದು ಭಾರತದ ಪತ್ರಿಕೆ, ಕಚೇರಿಗಳಲ್ಲಿ ಉಳಿದುಕೊಂಡಿರುವ ಪದ. ಇವತ್ತಿನ ಜರ್ನಲ್ ಬರಹದಲ್ಲಿ ಕಾಣುವುದು ಅಪರೂಪ. ಬಿಟ್ಟುಬಿಡುವುದು ಒಳ್ಳೆಯದು. ಫ್ರೇಸ್‌ಬ್ಯಾಂಕ್ ಇದರ ಬದಲಿಗೆ ಇಪ್ಪತ್ತಕ್ಕೂ ಹೆಚ್ಚು ಕ್ರಿಯಾಪದಗಳನ್ನು ಸಾಲಾಗಿ ಕೊಡುತ್ತದೆ. ಆದರೆ ಸಾಲಾಗಿ ಕೊಡುವುದೇ ಅಪಾಯ. ಒಂದರ ಬದಲು ಇನ್ನೊಂದು ಹಾಕಬಹುದು, ವೈವಿಧ್ಯಕ್ಕಾಗಿ ಇಷ್ಟೊಂದು ಕೊಟ್ಟಿದ್ದಾರೆ ಎಂದು ಓದುವವರು ತಿಳಿಯುತ್ತಾರೆ.

'ಕ್ಲೇಮ್ಸ್' ಅಂದರೆ 'ಹೇಳಿಕೊಂಡಿದ್ದಾರೆ'. ನಮಗೆ ಪೂರ್ತಿ ನಂಬಿಕೆ ಇಲ್ಲ ಎಂಬ ಸುಳಿವು ಆ 'ಕೊಂಡಿ'ಯಲ್ಲೇ ಇದೆ. 'ಪಾಯಿಂಟ್ಸ್ ಔಟ್' ಅಂದರೆ 'ತೋರಿಸಿಕೊಟ್ಟಿದ್ದಾರೆ', ಅಂದರೆ ಅದು ನಿಜ ಎಂದು ನೀವೂ ಒಪ್ಪಿದ ಹಾಗೆ. 'ಆರ್ಗ್ಯೂಸ್' ಅಂದರೆ ವಾದಿಸುತ್ತಾರೆ. ವಾದ ಇಲ್ಲದ ಕಡೆ, ಬರೀ ಅಂಕಿ ಕೊಟ್ಟ ಲೇಖನಕ್ಕೆ ಇದನ್ನು ಹಾಕಬಾರದು. 'ಡೆಮಾನ್‌ಸ್ಟ್ರೇಟ್ಸ್' ಹಾಕಿದರೆ ಸಾಬೀತಾಗಿದೆ ಎಂದು ನೀವೇ ಸಹಿ ಹಾಕಿದಂತೆ. ಒಬ್ಬರೇ ಲೇಖಕರನ್ನು ಒಂದು ಪ್ಯಾರಾದಲ್ಲಿ 'ಡೆಮಾನ್‌ಸ್ಟ್ರೇಟ್ಸ್' ಎಂದು ಹೊಗಳಿ, ಮುಂದಿನ ಪ್ಯಾರಾದಲ್ಲಿ ಅವರದೇ ಫಲಿತಾಂಶವನ್ನು ಅನುಮಾನಿಸಿದರೆ ಪರೀಕ್ಷಕರ ಪೆನ್ನು ಅಲ್ಲಿ ನಿಲ್ಲುತ್ತದೆ. ಕ್ರಿಯಾಪದ ಆರಿಸುವ ಮೊದಲು ಕನ್ನಡದಲ್ಲಿ ಆ ವಾಕ್ಯವನ್ನು ಹೇಗೆ ಮುಗಿಸುತ್ತಿದ್ದೆ ಎಂದು ಕೇಳಿಕೊಳ್ಳಿ: ಹೇಳಿದ್ದಾರೆ, ಹೇಳಿಕೊಂಡಿದ್ದಾರೆ, ಒತ್ತಿ ಹೇಳಿದ್ದಾರೆ, ಹೇಳಿಬಿಟ್ಟಿದ್ದಾರೆ. ಉತ್ತರ ಅರ್ಧ ಸಿಕ್ಕಿರುತ್ತದೆ.

'ಬಗ್ಗೆ' ಎಂಬ ಪದದ ಕಾಟವೂ ಇಲ್ಲೇ. ಕನ್ನಡದಲ್ಲಿ ಚರ್ಚಿಸುವುದೂ ವಿವರಿಸುವುದೂ 'ಬಗ್ಗೆ' ಆದ್ದರಿಂದ 'ಡಿಸ್ಕಸ್ಡ್ ಅಬೌಟ್', 'ಡಿಸ್ಕ್ರೈಬ್ಡ್ ಅಬೌಟ್' ಎಂದು ಬರೆಯುತ್ತೇವೆ. ಎರಡರಲ್ಲೂ 'ಅಬೌಟ್' ಬೇಡ. ಹಾಗೆಯೇ 'ಎಂಫಸೈಸ್ಡ್ ಆನ್' ತಪ್ಪು, 'ಎಂಫಸೈಸ್ಡ್' ಸಾಕು. 'ಪ್ರಕಾರ'ದಿಂದ ಶುರುವಾಗುವ 'ಅಕಾರ್ಡಿಂಗ್ ಟು' ವಾಕ್ಯದಲ್ಲಿ ಮತ್ತೆ 'ಸೇಸ್ ದಟ್' ಸೇರಿಸುವುದೂ ಇದೇ ಜಾತಿ. ಫ್ರೇಸ್‌ಬ್ಯಾಂಕಿನಿಂದ ಕ್ರಿಯಾಪದವನ್ನಷ್ಟೇ ಎತ್ತಿಕೊಳ್ಳದೆ ಅದರ ಹಿಂದುಮುಂದಿನ ಎರಡು ಪದವನ್ನೂ ಸೇರಿಸಿ ಎತ್ತಿಕೊಂಡರೆ ಇವೆಲ್ಲ ತಾನಾಗಿ ಸರಿಹೋಗುತ್ತವೆ. ಇನ್ನೊಂದು ವಿಷಯ, ಉಲ್ಲೇಖದಲ್ಲಿ 'ಡಾ.', 'ಪ್ರೊ.' ಬೇಡ. ಗೈಡಿನ ಲೇಖನವೇ ಆದರೂ ಬರೀ ಹೆಸರು, ಇಸವಿ.

ಎಷ್ಟು ಗಟ್ಟಿಯಾಗಿ ಹೇಳುವುದು

ಎಚ್ಚರದಿಂದ ಹೇಳುವ ವಿಭಾಗ ಸೈಟಿನ ಅತಿ ಬೆಲೆಬಾಳುವ ಭಾಗ, ಅತಿ ಹೆಚ್ಚು ದುರ್ಬಳಕೆ ಆಗುವುದೂ ಅದೇ. ಒಂದು ಕಲ್ಪಿತ ಉದಾಹರಣೆ ನೋಡೋಣ. ಸಮೀಕ್ಷೆಯೊಂದರಲ್ಲಿ ಹನಿ ನೀರಾವರಿ ಇರುವ ಜಮೀನುಗಳಲ್ಲಿ ಇಳುವರಿ ಹೆಚ್ಚು ಕಂಡಿತು ಅಂದುಕೊಳ್ಳಿ. ಮೊದಲ ಡ್ರಾಫ್ಟಿನಲ್ಲಿ ಬರುವ ವಾಕ್ಯ: 'ಡ್ರಿಪ್ ಇರಿಗೇಶನ್ ಇನ್‌ಕ್ರೀಸ್ಡ್ ದಿ ಯೀಲ್ಡ್'. ಇದು ಕಾರಣ ಸಾಬೀತಾದಾಗ ಮಾತ್ರ ಬರೆಯಬಹುದಾದ ವಾಕ್ಯ. ಸಮೀಕ್ಷೆಯಲ್ಲಿ ಅದು ಸಾಬೀತಾಗುವುದಿಲ್ಲ. ಹನಿ ನೀರಾವರಿ ಹಾಕಿಸಿಕೊಂಡ ರೈತರ ಬಳಿ ಬೋರ್‌ವೆಲ್ ಇರಬಹುದು, ಸಾಲ ಸಿಗುವ ಅನುಕೂಲ ಇರಬಹುದು, ಮಣ್ಣೇ ಒಳ್ಳೆಯದಿರಬಹುದು.

ಆದ್ದರಿಂದ ಮೆಟ್ಟಿಲು ಇಳಿಯಬೇಕು. 'ಕಾಸ್ಡ್' ಮತ್ತು 'ರಿಸಲ್ಟೆಡ್ ಇನ್' ಮೇಲಿನ ಮೆಟ್ಟಿಲು. ಹೋಲಿಕೆಗೆ ಇನ್ನೊಂದು ಗುಂಪು ಇಟ್ಟು, ಉಳಿದೆಲ್ಲ ಸಮನಾಗಿಟ್ಟು ಪ್ರಯೋಗ ಮಾಡಿದವರಿಗೆ. 'ಕಂಟ್ರಿಬ್ಯೂಟೆಡ್ ಟು' ಅದರ ಕೆಳಗೆ, ಹಲವು ಕಾರಣಗಳಲ್ಲಿ ಇದೂ ಒಂದು ಎಂದು ತೋರಿಸಿದವರಿಗೆ. 'ವಾಸ್ ಅಸೋಸಿಯೇಟೆಡ್ ವಿತ್' ಇನ್ನೂ ಕೆಳಗೆ. ಎರಡೂ ಒಟ್ಟಿಗೆ ಕಂಡವು, ಕಾರಣ ಯಾವುದೆಂದು ಹೇಳುತ್ತಿಲ್ಲ ಎಂದು ಅದರ ಅರ್ಥ. ಸಮೀಕ್ಷೆಗೆ ನಿಲ್ಲಬೇಕಾದ ಮೆಟ್ಟಿಲು ಇದು. ಚರ್ಚೆಯ ಚಾಪ್ಟರಿನಲ್ಲಿ ಕಾರಣ ಊಹಿಸಬೇಕೆನಿಸಿದರೆ 'ಎ ಪಾಸಿಬಲ್ ಎಕ್ಸ್‌ಪ್ಲನೇಶನ್ ಫಾರ್ ದಿಸ್ ಮೈಟ್ ಬಿ ದಟ್' ಎಂಬ ಚೌಕಟ್ಟು ಹಾಕಿ, ನೀರು ಬೇರಿಗೆ ಸಮನಾಗಿ ತಲುಪಿದ್ದು ಕಾರಣವಿರಬಹುದು ಎನ್ನಿ. ಫಲಿತಾಂಶದ ಚಾಪ್ಟರಿನಲ್ಲಿ ಈ ಚೌಕಟ್ಟು ಬರಕೂಡದು, ಅಲ್ಲಿ ಕಂಡದ್ದಷ್ಟೇ.

ಈ ಮೆಟ್ಟಿಲುಗಳ ಎತ್ತರವನ್ನು ಫ್ರೇಸ್‌ಬ್ಯಾಂಕ್ ಹೇಳುವುದೇ ಇಲ್ಲ. ಕಾರಣ ಹೇಳುವ ಪುಟದಲ್ಲಿ ಗಟ್ಟಿ ವಾಕ್ಯ, ಮೆದು ವಾಕ್ಯ ಹತ್ತಿರ ಹತ್ತಿರವೇ ಇರುತ್ತವೆ. ನಮ್ಮ ಪ್ರಕಾರ ಈ ಸೈಟಿನ ದೊಡ್ಡ ದೋಷ ಇದು. ಇಂಗ್ಲಿಷ್ ಮನೆಮಾತಾದವರಿಗೆ ಕಿವಿಯೇ ಹೇಳಿಬಿಡುತ್ತದೆ; ಎರಡನೆಯ ಭಾಷೆಯಾಗಿ ಕಲಿತವರಿಗೆ ಆ ಕಿವಿ ಬಂದಿರುವುದಿಲ್ಲ. ಸೈಟು ಹೆಚ್ಚಾಗಿ ಬೇಕಾಗಿರುವುದು ಅವರಿಗೇ.

ಇನ್ನು ಕನ್ನಡದ 'ಬಹುದು'. 'ಮಾಡಬಹುದು' ಅನ್ನುವುದು ಅನುಮತಿಯೂ ಹೌದು, ಸಾಧ್ಯತೆಯೂ ಹೌದು, ಸಾಮರ್ಥ್ಯವೂ ಹೌದು. ಹಾಗಾಗಿ ನಮ್ಮ ಇಂಗ್ಲಿಷ್‌ನಲ್ಲಿ ಮೂರಕ್ಕೂ 'ಕ್ಯಾನ್' ಬಂದು ನಿಲ್ಲುತ್ತದೆ. 'ದಿಸ್ ಕ್ಯಾನ್ ಬಿ ಡ್ಯೂ ಟು' ಎಂದು ಬರೆದ ಕಡೆ ಬಹುತೇಕ 'ಮೇ' ಅಥವಾ 'ಮೈಟ್' ಇರಬೇಕಿತ್ತು. ಇನ್ನೊಂದು ತುದಿಯ ತಪ್ಪು, ಎಚ್ಚರದ ಮೇಲೆ ಎಚ್ಚರ ಪೇರಿಸುವುದು: 'ಇಟ್ ಮೇ ಪರ್‌ಹ್ಯಾಪ್ಸ್ ಬಿ ಪಾಸಿಬಲ್ ಟು ಸಜೆಸ್ಟ್'. ಒಂದು ವಾಕ್ಯಕ್ಕೆ ಒಂದೇ ಸಾಕು. 'ಬಂದಿರಬಹುದೇನೋ ಅಂತೆ' ಎಂದು ಯಾರಾದರೂ ಅಂದರೆ ನಾವು ನಗುವುದಿಲ್ಲವೇ?

'ಸಿಗ್ನಿಫಿಕೆಂಟ್' ಪದದ ಬಗ್ಗೆಯೂ ಹೇಳಲೇಬೇಕು. ಫಲಿತಾಂಶದ ವಿಭಾಗದಲ್ಲಿ ಅದು ಧಾರಾಳವಾಗಿ ಬರುತ್ತದೆ, ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಿದ್ದೇವೆ ಎಂಬ ಅರ್ಥದಲ್ಲಿ. ಪರೀಕ್ಷೆ ಮಾಡದೆ, ಪಿ ಮೌಲ್ಯ ಕೊಡದೆ, 'ಗಮನಾರ್ಹ' ಎಂಬ ಕನ್ನಡ ಅರ್ಥದಲ್ಲಿ ಬಳಸಿದರೆ ಪರೀಕ್ಷಕರು ಟೇಬಲ್ ಎಲ್ಲಿ ಎಂದು ಕೇಳುತ್ತಾರೆ. ದೊಡ್ಡದು ಎನ್ನಬೇಕಿದ್ದರೆ 'ಕನ್ಸಿಡರಬಲ್' ಅಥವಾ 'ಸಬ್‌ಸ್ಟಾನ್ಷಿಯಲ್' ಇದೆ.

ನಕಲಾಗುತ್ತದೆಯೇ?

ಹೆಚ್ಚು ಕೇಳಿಬರುವ ಪ್ರಶ್ನೆ ಇದೇ. ಚೌಕಟ್ಟುಗಳಲ್ಲಿ ಯಾರ ವಿಚಾರವೂ ಇಲ್ಲ, ವಿಷಯ ತುಂಬುವವರು ನೀವು. ಹಾಗಾಗಿ ಕೃತಿಚೌರ್ಯ ಅಲ್ಲ ಎಂಬುದು ಸೈಟಿನವರ ನಿಲುವು. ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಯುಜಿಸಿಯ 2018ರ ನಿಯಮಾವಳಿ. ಬೇರೆಯವರ ಬರಹದೊಂದಿಗೆ ಸಾಮ್ಯತೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ. 10ರಿಂದ 40ರವರೆಗೆ ಆದರೆ ಆರು ತಿಂಗಳು ಮೀರದಂತೆ ಕೊಟ್ಟ ಅವಧಿಯಲ್ಲಿ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ. 60 ದಾಟಿದರೆ ನೋಂದಣಿಯೇ ರದ್ದು. ಇದೇ ನಿಯಮಾವಳಿ ಸಾಮಾನ್ಯ ಜ್ಞಾನವನ್ನೂ, ಕಾಕತಾಳೀಯವಾಗಿ ಹೊಂದುವ 14 ಪದಗಳವರೆಗಿನ ಸಾಲನ್ನೂ ಲೆಕ್ಕದಿಂದ ಬಿಡುತ್ತದೆ.

ಫ್ರೇಸ್‌ಬ್ಯಾಂಕಿನ ಚೌಕಟ್ಟು ಸಾಮಾನ್ಯವಾಗಿ ನಾಲ್ಕರಿಂದ ಹತ್ತು ಪದ, ಮಧ್ಯೆ ನಿಮ್ಮ ವಿಷಯ ಬಂದು ಮುರಿಯುತ್ತದೆ. 14ರ ಗಡಿ ದಾಟುವುದು ಅಪರೂಪ. ಸಾಮ್ಯತೆ ಅಳೆಯುವ ಸಾಫ್ಟ್‌ವೇರಿನ ವರದಿ ಬಂದಾಗ ಎಷ್ಟು ಪದದ ಕೆಳಗಿನ ಹೊಂದಾಣಿಕೆಯನ್ನು ಬಿಟ್ಟಿದ್ದಾರೆ ಎಂಬ ಸೆಟ್ಟಿಂಗ್ ನೋಡಿ. ಅದನ್ನು ಹಾಕದೆ ಓಡಿಸಿದ್ದರೆ 'ದಿ ಪರ್ಪಸ್ ಆಫ್ ದಿಸ್ ಸ್ಟಡಿ ವಾಸ್ ಟು' ಕೂಡ ಬಣ್ಣ ಹಚ್ಚಿಕೊಂಡು ಬರುತ್ತದೆ. ಗ್ರಂಥಾಲಯದವರಿಗೆ ಹೇಳಿ ಮತ್ತೊಮ್ಮೆ ಓಡಿಸಿಕೊಳ್ಳಬಹುದು. ಅಪಾಯ ಬರುವುದು ಬೇರೆ ಕಡೆಯಿಂದ. ಚೌಕಟ್ಟಿನ ಜೊತೆಗೆ ಅದರೊಳಗಿನ ವಿಷಯವನ್ನೂ ಯಾರದೋ ಲೇಖನದಿಂದ ತಂದು, ಎರಡು ಪದ ಬದಲಿಸಿ ಕೂರಿಸಿದರೆ ಅದು ಕಳವೇ. ಅದಕ್ಕೆ ಫ್ರೇಸ್‌ಬ್ಯಾಂಕ್ ಕಾರಣವೂ ಅಲ್ಲ, ರಕ್ಷಣೆಯೂ ಅಲ್ಲ.

ಬಳಸುವ ಕ್ರಮ

ಪ್ಯಾರಾ ಬರೆಯುವ ಮೊದಲು ಮಾರ್ಜಿನ್ನಿನಲ್ಲಿ ಕನ್ನಡದಲ್ಲೇ ಒಂದು ಸಾಲು ಬರೆದುಕೊಳ್ಳಿ: ಈ ಪ್ಯಾರಾ ಮಾಡಬೇಕಾದ ಕೆಲಸ ಏನು. 'ಹಿಂದಿನ ಮೂರು ಅಧ್ಯಯನ ಒಪ್ಪುತ್ತವೆ, ನಾಲ್ಕನೆಯದು ಒಪ್ಪುವುದಿಲ್ಲ, ಯಾಕೆ ಅಂತ ಹೇಳಬೇಕು.' ಇಷ್ಟು ಸಾಕು. ಈ ಸಾಲು ಬರೆಯಲಾಗದಿದ್ದರೆ ಸೈಟು ತೆರೆಯಬೇಡಿ, ಓದು ಇನ್ನೂ ಮುಗಿದಿಲ್ಲ ಎಂದರ್ಥ. ಆಮೇಲೆ ವಾಕ್ಯಗಳನ್ನು ಬಂದ ಹಾಗೆ, ಹರುಕುಮುರುಕು ಇಂಗ್ಲಿಷ್‌ನಲ್ಲಾದರೂ ಸರಿ, ಕನ್ನಡ ಬೆರೆಸಿಯಾದರೂ ಸರಿ, ಕೊನೆಯವರೆಗೆ ಬರೆದು ಮುಗಿಸಿ. ಆಗ ಫ್ರೇಸ್‌ಬ್ಯಾಂಕಿನ ಒಂದೇ ಒಂದು ಪುಟ ತೆರೆದು, ಗಂಟು ಬಿದ್ದ ವಾಕ್ಯಕ್ಕೆ ಮಾತ್ರ ಮೂರು ಚೌಕಟ್ಟು ಆರಿಸಿ, ಗಟ್ಟಿತನ ನೋಡಿ ಎರಡನ್ನು ಬಿಡಿ. ಆರೇಳು ವಾಕ್ಯದ ಪ್ಯಾರಾಕ್ಕೆ ಎರಡು ಚೌಕಟ್ಟಿಗಿಂತ ಹೆಚ್ಚು ಬೇಡ. ಜಾಸ್ತಿಯಾದರೆ 'ಮೋರೋವರ್', 'ಫರ್ದರ್‌ಮೋರ್', 'ಇಟ್ ಈಸ್ ವರ್ತ್ ನೋಟಿಂಗ್' ಸಾಲುಗಟ್ಟಿ, ಹೇಳಿದ ವಿಷಯ ಅವುಗಳ ಮಧ್ಯೆ ಹುಡುಕಬೇಕಾಗುತ್ತದೆ.

ಆರಿಸಿದ ಚೌಕಟ್ಟು ನಿಮ್ಮ ವಿಷಯದವರು ಬಳಸುತ್ತಾರೆಯೇ ಎಂದು ನೋಡುವುದು ಮುಂದಿನ ಹೆಜ್ಜೆ, ಇದಕ್ಕೆ ಫ್ರೇಸ್‌ಬ್ಯಾಂಕಿನಲ್ಲಿ ದಾರಿ ಇಲ್ಲ. ಯಾವ ವಾಕ್ಯ ಯಾವ ಶಾಸ್ತ್ರದಿಂದ ಬಂತು ಎಂಬ ಗುರುತು ಹಾಕಿಲ್ಲ. ಗೂಗಲ್ ಸ್ಕಾಲರಿನಲ್ಲಿ ಚೌಕಟ್ಟಿನ ನಾಲ್ಕೈದು ಪದವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ನಿಮ್ಮ ಕ್ಷೇತ್ರದ ಒಂದು ಪದ ಸೇರಿಸಿ ಹುಡುಕಿ. ಮೊದಲ ಪುಟದಲ್ಲೇ ನಿಮ್ಮ ಜರ್ನಲ್‌ಗಳ ಹೆಸರು ಕಂಡರೆ ಸರಿ. ಪದಗಳ ಜೋಡಿಯ ಅನುಮಾನವಿದ್ದರೆ ಸ್ಕೆಚ್ ಎಂಜಿನ್‌ನವರ ಸ್ಕೆಲ್ ಎಂಬ ಉಚಿತ ಸೈಟು ಇದೆ. ಒಂದು ಪದ ಕೊಟ್ಟರೆ 40 ಉದಾಹರಣೆ ವಾಕ್ಯದವರೆಗೆ ಕೊಡುತ್ತದೆ, ಅದರ ಜೊತೆ ಬರುವ ಕ್ರಿಯಾಪದ, ವಿಶೇಷಣಗಳನ್ನು ಬೇರೆ ತೋರಿಸುತ್ತದೆ. 'ರಿಸರ್ಚ್' ಹಾಕಿ ನೋಡಿದರೆ 'ಕಂಡಕ್ಟ್' ಬರುತ್ತದೆ, ಬಹುವಚನದ 'ರಿಸರ್ಚಸ್' ಬರುವುದು ಅಪರೂಪ. ಪದಸಂಪತ್ತೇ ಕಡಿಮೆ ಎನ್ನುವವರು ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ನೋಡಬಹುದು. 570 ಪದಕುಟುಂಬ (ಒಂದು ಪದ ಮತ್ತು ಅದರಿಂದ ಹುಟ್ಟುವ ರೂಪಗಳು ಸೇರಿ ಒಂದು ಕುಟುಂಬ), ಬಳಕೆಯ ಪ್ರಮಾಣದ ಮೇಲೆ ಹತ್ತು ಪಟ್ಟಿಗಳಾಗಿವೆ. ಮೊದಲ ಮೂರು ಪಟ್ಟಿಯ 180 ಕುಟುಂಬ ಗಟ್ಟಿಯಾದರೆ ಸದ್ಯಕ್ಕೆ ಸಾಕು.

ಹೀಗೆ ಪಾಸಾದ ಚೌಕಟ್ಟುಗಳನ್ನು ನಿಮ್ಮದೇ ಎಕ್ಸೆಲ್ ಹಾಳೆಯಲ್ಲಿ ಇಟ್ಟುಕೊಳ್ಳಿ. ಕಾಲಂ ಐದು: ಮಾಡುವ ಕೆಲಸ, ಚೌಕಟ್ಟು, ಗಟ್ಟಿತನ 1ರಿಂದ 5, ಕನ್ನಡದಲ್ಲಿ ಅದರ ಸಾಟಿ, ನೀವು ಬರೆದ ವಾಕ್ಯ. ನಾಲ್ಕನೆಯ ಕಾಲಂ ಬಿಡಬೇಡಿ. 'ಕೆಲವೇ', 'ಹೇಳಿಕೊಂಡಿದ್ದಾರೆ', 'ಎಂದು ಊಹಿಸಲು ಎಡೆಯಿದೆ' ಇಂಥವು ಅಲ್ಲಿ ಕೂತರೆ ಚೌಕಟ್ಟಿನ ತೂಕ ಮರೆಯುವುದಿಲ್ಲ. ಇಡೀ ಥೀಸಿಸ್ಸಿಗೆ ನಲವತ್ತು ಚೌಕಟ್ಟು ಸಾಕಾಗುತ್ತವೆ. ಸೈಟಿನಲ್ಲಿರುವ ಎಲ್ಲವನ್ನೂ ಬಾಯಿಪಾಠ ಮಾಡುವುದು ವ್ಯರ್ಥ.

ಚಾಟ್‌ಬಾಟ್‌ಗೆ ಕೊಟ್ಟರೆ ಇದೆಲ್ಲ ಒಂದು ನಿಮಿಷದಲ್ಲಿ ಆಗುತ್ತದಲ್ಲ ಎನ್ನುವವರಿದ್ದಾರೆ. ಆಗುತ್ತದೆ, ಕೆಲವೊಮ್ಮೆ ಚೆನ್ನಾಗಿಯೇ. ಆದರೆ ನಯ ಮಾಡುವ ಭರದಲ್ಲಿ ಅದು 'ಅಸೋಸಿಯೇಟೆಡ್ ವಿತ್' ಇದ್ದದ್ದನ್ನು 'ಎನ್‌ಹ್ಯಾನ್ಸಸ್' ಮಾಡಿಬಿಡುತ್ತದೆ. ಮೆಟ್ಟಿಲು ಗೊತ್ತಿಲ್ಲದವರಿಗೆ ಆ ಬದಲಾವಣೆ ಕಾಣುವುದೇ ಇಲ್ಲ. ಅದರಿಂದ ಬಂದ ಪ್ರತಿ ಪ್ಯಾರಾದ ಕ್ರಿಯಾಪದಗಳನ್ನು ಮೂಲದ ಪಕ್ಕ ಇಟ್ಟು ನೋಡಬೇಕು.

ಇತರ ಸಣ್ಣಪುಟ್ಟವು

ಸಾಹಿತ್ಯ, ತತ್ವಶಾಸ್ತ್ರ, ಸಾಂಸ್ಕೃತಿಕ ಅಧ್ಯಯನದವರಿಗೆ ಇದು ಅರ್ಧ ಮಾತ್ರ ದಕ್ಕುತ್ತದೆ. ವಿಧಾನ, ಫಲಿತಾಂಶ, ಚರ್ಚೆ ಎಂದು ಒಡೆಯದ ಬರಹಕ್ಕೆ ಈ ಅಚ್ಚು ಬಿಗಿ. ಅವರು ವಿಮರ್ಶೆ, ವ್ಯಾಖ್ಯಾನದ ಪುಟಗಳನ್ನಷ್ಟೇ ನೋಡಿದರೆ ಸಾಕು. ಕೃಷಿ, ಸಮಾಜಶಾಸ್ತ್ರ, ಶಿಕ್ಷಣ, ವಾಣಿಜ್ಯ, ನರ್ಸಿಂಗ್‌ನವರಿಗೆ ಪೂರ್ತಿ ಉಪಯೋಗ. ಕಾಗುಣಿತ ಬ್ರಿಟಿಷ್, ಹಾಗಾಗಿ ಅಮೆರಿಕದ ಜರ್ನಲ್‌ಗೆ ಕಳಿಸುವಾಗ ವರ್ಡ್‌ನಲ್ಲಿ ಭಾಷೆ ಬದಲಿಸಿ ಒಮ್ಮೆ ಓಡಿಸಬೇಕು. ಪುಟಗಳು ಉದ್ದ, ಫೋನಿನಲ್ಲಿ ಬೆರಳು ಸೋಲುತ್ತದೆ. ಲ್ಯಾಪ್‌ಟಾಪಿನಲ್ಲಿ ಫೈಂಡ್ ಒತ್ತಿ ಹುಡುಕುವುದು ವಾಸಿ. ದುಡ್ಡು ಕೊಟ್ಟು ಕೊಳ್ಳುವ ಪಿಡಿಎಫ್ ಕೂಡ ಇದೆ. ನೆಟ್‌ವರ್ಕ್ ಸಿಗದ ಹಾಸ್ಟೆಲ್ಲಿನಲ್ಲಿ ಕೂತು ಬರೆಯುವವರಿಗೆ ಅದು ಬೇಕಾಗಬಹುದು, ಉಳಿದವರು ಮೊದಲು ಸೈಟನ್ನೇ ಎರಡು ತಿಂಗಳು ಬಳಸಿ ನೋಡಲಿ.

'ಒನ್ ಆಫ್ ದಿ' ಚೌಕಟ್ಟು ಎತ್ತಿಕೊಂಡಾಗ ಮುಂದಿನ ನಾಮಪದ ಬಹುವಚನ ಇರಲೇಬೇಕು. ಕನ್ನಡದಲ್ಲಿ 'ಅಂಶಗಳಲ್ಲೊಂದು' ಎಂದು ಸರಿಯಾಗಿಯೇ ಹೇಳುವವರು ಇಂಗ್ಲಿಷ್‌ನಲ್ಲಿ 'ಒನ್ ಆಫ್ ದಿ ಫ್ಯಾಕ್ಟರ್' ಎಂದು ಬರೆಯುವುದು ವಿಚಿತ್ರ. ಇನ್ನೊಂದು ಜೋಡಿ: 'ಇದಕ್ಕೆ ವಿರುದ್ಧವಾಗಿ' ಎಂಬುದಕ್ಕೆ ಎರಡು ಅಧ್ಯಯನ ಹೋಲಿಸುವಾಗ 'ಇನ್ ಕಾಂಟ್ರಾಸ್ಟ್' ಬೇಕು. 'ಆನ್ ದಿ ಕಾಂಟ್ರರಿ' ಹಿಂದಿನ ಮಾತನ್ನು ಅಲ್ಲಗಳೆಯುವುದಕ್ಕೆ.

ಬೈಂಡಿಂಗ್‌ಗೆ ಕೊಡುವ ಹಿಂದಿನ ದಿನ ಫೈಲು ತೆರೆದು, ಫೈಂಡ್ ಬಾಕ್ಸಿನಲ್ಲಿ ಮುಂದೆ ಹಿಂದೆ ಒಂದೊಂದು ಸ್ಪೇಸ್ ಬಿಟ್ಟು ಎಕ್ಸ್ ಅಕ್ಷರ ಹಾಕಿ ಹುಡುಕಿ, ಆಮೇಲೆ ವೈ. ಫ್ರೇಸ್‌ಬ್ಯಾಂಕಿನಿಂದ ಬಂದು ತುಂಬದೇ ಉಳಿದ ಎಕ್ಸ್ ಒಂದಾದರೂ ಸಿಗುವ ಸಂಭವವಿದೆ, ಅದೂ ಹೆಚ್ಚಾಗಿ ಎರಡನೆಯ ಚಾಪ್ಟರಿನಲ್ಲಿ.